ಜೂಡಿ ಬಾಕಾ ಮತ್ತು ಅರ್ಧ ಮೈಲಿ ಉದ್ದದ ಗೋಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕನ್ ಗೋಡೆಚಿತ್ರ ಅಂದ ಕೂಡಲೇ ಎಲ್ಲರೂ ಡಿಯೇಗೊ ರಿವೇರಾ ಹೆಸರು ಹೇಳುತ್ತಾರೆ. ಗಡಿಯ ಈಚೆ, ಅಂದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು ಬಿಡಿಸಿದ ಗೋಡೆಗಳ ಬಗ್ಗೆ ನಮ್ಮಲ್ಲಿ ಓದಿದವರು ಕಡಿಮೆ. ಅವರಲ್ಲಿ ಜೂಡಿ ಬಾಕಾ ಬಗ್ಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉತ್ತರ ಉದ್ದ, ಕೆಲವು ಚಿಕ್ಕದು.

ಜೂಡಿ ಬಾಕಾ ಯಾರು?

ಪೂರ್ತಿ ಹೆಸರು ಜೂಡಿತ್ ಫ್ರಾನ್ಸಿಸ್ಕಾ ಬಾಕಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 20ರಂದು, ಲಾಸ್ ಏಂಜಲೀಸ್‌ನಲ್ಲಿ. ಗೋಡೆಚಿತ್ರ ಕಲಾವಿದೆ, ಮೇಷ್ಟ್ರು, ಸಂಘಟಕಿ. ಅವರ ಹೆಸರು ಕೇಳದವರಿಗೂ ಅವರ ಒಂದು ಕೆಲಸ ಗೊತ್ತಿರಬಹುದು: 'ದಿ ಗ್ರೇಟ್ ವಾಲ್ ಆಫ್ ಲಾಸ್ ಏಂಜಲೀಸ್'. 2,754 ಅಡಿ ಉದ್ದ, ಹದಿಮೂರೂವರೆ ಅಡಿ ಎತ್ತರ. ಲೆಕ್ಕ ಹಾಕಿದರೆ ಅರ್ಧ ಮೈಲಿಗಿಂತ ಸ್ವಲ್ಪ ಜಾಸ್ತಿ.

ಅವರ ಬಾಲ್ಯ ಹೇಗಿತ್ತು?

ಹೆಂಗಸರೇ ತುಂಬಿದ ಮನೆ. ಅಮ್ಮ, ಅಜ್ಜಿ, ಚಿಕ್ಕಮ್ಮಂದಿರು. ಅಮ್ಮ ದುಡಿಯಲು ಹೋಗುತ್ತಿದ್ದರು. ಮಗುವನ್ನು ಸಾಕಿದ್ದು ಹೆಚ್ಚಾಗಿ ಅಜ್ಜಿ ಫ್ರಾನ್ಸಿಸ್ಕಾ. ಮೆಕ್ಸಿಕನ್ ಕ್ರಾಂತಿಯ ಗಲಾಟೆಯಲ್ಲಿ ಊರು ಬಿಟ್ಟು ಉತ್ತರಕ್ಕೆ ಬಂದ ಕುಟುಂಬ ಅದು. ಮೊದಲು ಕೊಲೊರಾಡೊ ರಾಜ್ಯದ ಲಾ ಹುಂಟಾ ಎಂಬ ಊರಿನಲ್ಲಿ ನೆಲೆಸಿ, ಆಮೇಲೆ ಲಾಸ್ ಏಂಜಲೀಸ್ ಸೇರಿತು. ಅಜ್ಜಿ ನಾಟಿ ಮದ್ದು ಕೊಡುತ್ತಿದ್ದರು, ಕಾಯಿಲೆ ಕಸಾಲೆ ಅಂತ ಅಕ್ಕಪಕ್ಕದವರು ಅವರ ಹತ್ತಿರ ಬರುತ್ತಿದ್ದರು.

ಅಮ್ಮ ಮತ್ತೆ ಮದುವೆಯಾದ ಮೇಲೆ ಮಗಳೂ ಸ್ಯಾನ್ ಫೆರ್ನಾಂಡೊ ಕಣಿವೆಯ ಪಕೊಯ್ಮಾಗೆ ಹೋದಳು. ಮನೆಯಲ್ಲಿ ಬರೀ ಸ್ಪ್ಯಾನಿಷ್, ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಹಾಗಿಲ್ಲ. ಹುಡುಗಿಗೆ ಪಾಠ ಅರ್ಥವಾಗುತ್ತಿರಲಿಲ್ಲ. ಟೀಚರ್ ಒಬ್ಬರು ಅವಳನ್ನು ಮೂಲೆಯಲ್ಲಿ ಬಣ್ಣದ ಜೊತೆ ಕೂರಿಸಿ ಬಿಡಿಸಿಕೋ ಅಂದರಂತೆ. ಚಿತ್ರಕಲೆಗೆ ಅವರು ಬಂದ ದಾರಿ ಅದು.

ಅವರನ್ನು ಜಾನಪದ ಕಲಾವಿದೆ ಅನ್ನಬಹುದೇ?

ಕಟ್ಟುನಿಟ್ಟಾಗಿ ಹೇಳಿದರೆ ಇಲ್ಲ. ಜಾನಪದ ಕಲಾವಿದರು ಅಂತ ನಾವು ಸಾಮಾನ್ಯವಾಗಿ ಕರೆಯುವುದು ಕಾಲೇಜಿನಲ್ಲಿ ಕಲಿಯದೆ, ಮನೆಯಿಂದಲೋ ಊರಿಂದಲೋ ಕಲೆ ಪಡೆದವರನ್ನು. ಬಾಕಾ ಹಾಗಲ್ಲ. ನಾರ್ತ್‌ರಿಡ್ಜ್‌ನ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 1969ರಲ್ಲಿ ಪದವಿ, ಹತ್ತು ವರ್ಷದ ಮೇಲೆ ಸ್ನಾತಕೋತ್ತರ ಪದವಿ. ಮುಂದೆ ಅವರೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು, ಮೊದಲು ಅರ್ವೈನ್‌ನಲ್ಲಿ, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ.

ಆದರೂ ಜನ ಅವರನ್ನು ಆ ಸಾಲಿಗೆ ಸೇರಿಸುವುದಕ್ಕೆ ಕಾರಣವಿದೆ. ಗ್ಯಾಲರಿಯೊಳಗೆ ತೂಗುಹಾಕುವ ಕೆಲಸಕ್ಕಿಂತ ಬೀದಿಯ ಕೆಲಸವನ್ನೇ ಅವರು ಜಾಸ್ತಿ ಮಾಡಿದರು. ಕಥೆಗಳನ್ನು ಜನರ ಬಾಯಿಂದಲೇ ಕೇಳಿಸಿಕೊಂಡರು. ಇದರ ಹಿಂದೆ ಅಜ್ಜಿಯ ಒಂದು ಮಾತಿದೆ. ಕಾಲೇಜಿನಲ್ಲಿ ಬಿಡಿಸಿದ್ದನ್ನೆಲ್ಲ ಮೊಮ್ಮಗಳು ತಂದು ತೋರಿಸಿದಾಗ ಅಜ್ಜಿ ನೋಡಿ, ಇದು ಯಾತಕ್ಕೆ ಬರುತ್ತೆ ಅಂತ ಕೇಳಿದರಂತೆ. ಅಮೂರ್ತ ಚಿತ್ರಗಳ ಕಾಲ ಅದು, ಮೊಮ್ಮಗಳ ಹತ್ತಿರ ಉತ್ತರವಿರಲಿಲ್ಲ. ತಮ್ಮವರು ಯಾರೂ ಮ್ಯೂಸಿಯಂಗೆ ಹೋಗುವವರಲ್ಲ ಅನ್ನುವುದು ಅವರಿಗೆ ಆಗಲೇ ಹೊಳೆದಿತ್ತು. ನೋಡುವವರು ಇರುವ ಕಡೆ ಚಿತ್ರ ಹೋಗಬೇಕು, ಅಷ್ಟೇ.

ಗೋಡೆಚಿತ್ರದ ಕೆಲಸ ಶುರುವಾದದ್ದು ಹೇಗೆ?

ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದಿದ್ದಕ್ಕೆ ಕೆಲಸ ಹೋಯಿತು. ಅವರ ಜೊತೆ ಕೆಲವು ಸನ್ಯಾಸಿನಿಯರೂ ಕೆಲಸ ಕಳೆದುಕೊಂಡರು! ಆಮೇಲೆ ನಗರದ ಉದ್ಯಾನ ಮತ್ತು ಮನರಂಜನೆ ಇಲಾಖೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಕೆಲಸ ಸಿಕ್ಕಿತು. ಜಾಗ, ಪೂರ್ವ ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್.

ಪಾರ್ಕುಗಳಲ್ಲಿ ಹದಿಹರೆಯದ ಹುಡುಗರು ಗುಂಪುಗಟ್ಟಿಕೊಂಡು ಕೂತಿರುತ್ತಿದ್ದರು. ಒಂದೊಂದು ಬೀದಿಗೆ ಒಂದೊಂದು ಗ್ಯಾಂಗ್. ಗೋಡೆ ತುಂಬ ಅವರದೇ ಹೆಸರು, ಅವರದೇ ಗುರುತು. ಬಾಕಾ ಅದನ್ನು ಓದಲು ಕಲಿತರು. ಯಾವ ಗೋಡೆ ಯಾರದ್ದು, ಯಾರ ಹೆಸರಿನ ಮೇಲೆ ಯಾರು ಗೀಟು ಎಳೆದಿದ್ದಾರೆ, ಎಲ್ಲ ಅಲ್ಲೇ ಬರೆದಿತ್ತಲ್ಲ. ಹೀಗೆ ಒಂದಕ್ಕೊಂದು ಆಗದ ನಾಲ್ಕು ಗ್ಯಾಂಗ್‌ಗಳಿಂದ ಇಪ್ಪತ್ತು ಹುಡುಗರನ್ನು ಸೇರಿಸಿ ಒಂದು ತಂಡ ಕಟ್ಟಿದರು. ಹೆಸರು 'ಲಾಸ್ ವಿಸ್ತಾಸ್ ನುವೇವಾಸ್', ಹೊಸ ನೋಟಗಳು.

1970ರಲ್ಲಿ ಹಾಲನ್‌ಬೆಕ್ ಪಾರ್ಕಿನ ಬ್ಯಾಂಡ್ ವೇದಿಕೆಯ ಮೂರು ಗೋಡೆಗಳ ಮೇಲೆ ಈ ತಂಡ ಒಬ್ಬ ಅಜ್ಜಿಯನ್ನು ಬಿಡಿಸಿತು. 'ಮಿ ಅಬುಎಲಿತಾ', ನನ್ನ ಅಜ್ಜಿ. ಎರಡೂ ತೋಳು ಚಾಚಿ ಅಪ್ಪಿಕೊಳ್ಳಲು ನಿಂತಿರುವ ಅಜ್ಜಿ. ಕೆಲಸ ನಡೆಯುವಾಗ ಸುತ್ತ ಹುಡುಗರೇ ಕಾವಲು ನಿಂತಿರುತ್ತಿದ್ದರು. ಬೇರೆ ಗ್ಯಾಂಗ್ ಬಂದರೆ ಒಂದು ಸನ್ನೆ, ಪೊಲೀಸ್ ಬಂದರೆ ಇನ್ನೊಂದು.

ಅನುಮತಿ? ಸರಿಯಾಗಿ ತಗೊಂಡಿರಲಿಲ್ಲ. ಇಲಾಖೆಯ ಅಧಿಕಾರಿ ದೂರು ವಿಚಾರಿಸಲು ಬಂದು ನೋಡಿದರೆ, ಹೊಡೆದಾಡುವ ಹುಡುಗರು ಒಂದೇ ಸಾರುವೆ ಮೇಲೆ ನಿಂತು ಬಣ್ಣ ಹಚ್ಚುತ್ತಿದ್ದಾರೆ. ಕೆಲಸ ನಿಲ್ಲಿಸುವುದಿರಲಿ, ನಗರಾಡಳಿತವೇ ಬೆನ್ನಿಗೆ ನಿಂತಿತು. ಚಿತ್ರ ಮುಗಿದ ಮೇಲೆ ಜನ ಅದರ ಕೆಳಗೆ ಹೂವು, ಮೇಣದಬತ್ತಿ ಇಟ್ಟು ಹೋಗುತ್ತಿದ್ದರಂತೆ. ಅಜ್ಜಿಯ ಪ್ರಶ್ನೆಗೆ ಅಲ್ಲಿ ಒಂದು ಉತ್ತರ ಸಿಕ್ಕಿತು ಅಂತ ನನಗನ್ನಿಸುತ್ತದೆ.

ಲಾಸ್ ಏಂಜಲೀಸ್‌ನಲ್ಲೇ ಯಾಕೆ ಇಷ್ಟೊಂದು ಗೋಡೆಚಿತ್ರಗಳು?

ಎರಡು ಹಳೆಯ ಬೇರುಗಳಿವೆ. ಒಂದು ಮೆಕ್ಸಿಕೊ. ಅಲ್ಲಿ ಕ್ರಾಂತಿಯಾದ ಮೇಲೆ ಸರ್ಕಾರಿ ಕಟ್ಟಡಗಳ ಗೋಡೆ ಮೇಲೆ ದೇಶದ ಕಥೆ ಬಿಡಿಸುವ ಪದ್ಧತಿ ಬಂತು. ರಿವೇರಾ, ಒರೋಸ್ಕೊ, ಸಿಕೆರೋಸ್ ಆ ಮೂವರು ದೊಡ್ಡವರು. ಸಿಕೆರೋಸ್ 1932ರಲ್ಲಿ ಲಾಸ್ ಏಂಜಲೀಸ್‌ಗೇ ಬಂದು ಓಲ್ವೆರಾ ಬೀದಿಯ ಒಂದು ಮಾಳಿಗೆ ಗೋಡೆ ಮೇಲೆ 'ಅಮೇರಿಕಾ ತ್ರೊಪಿಕಾಲ್' ಬಿಡಿಸಿದರು. ಹಸಿರು ಕಾಡು, ಹಣ್ಣು, ಹಕ್ಕಿ ಕೇಳಿದ್ದವರಿಗೆ ಅವರು ಕೊಟ್ಟಿದ್ದು ಶಿಲುಬೆಗೇರಿದ ಮೂಲನಿವಾಸಿ, ಅವನ ತಲೆಯ ಮೇಲೆ ಅಮೆರಿಕದ ಹದ್ದು. ಕೆಲವೇ ವರ್ಷದಲ್ಲಿ ಅದರ ಮೇಲೆ ಬಿಳಿ ಬಳಿದರು. ಅದು ಮತ್ತೆ ಜನರಿಗೆ ನೋಡಲು ಸಿಕ್ಕಿದ್ದು 2012ರಲ್ಲಿ.

ಎರಡನೆಯದು 1960ರ ದಶಕದ ಚಿಕಾನೊ ಚಳವಳಿ. ಅಮೆರಿಕದ ಮೆಕ್ಸಿಕನ್ ಮೂಲದವರು ತಮ್ಮನ್ನು ಹೆಮ್ಮೆಯಿಂದ ಚಿಕಾನೊ ಅಂತ ಕರೆದುಕೊಂಡ ಕಾಲ. ಸೀಸರ್ ಚಾವೆಸ್ ಮತ್ತು ಡೊಲೊರೆಸ್ ಹುಯೆರ್ತಾ ಹೊಲದ ಕೂಲಿಕಾರರ ಸಂಘ ಕಟ್ಟಿದ್ದೂ ಆಗಲೇ. ಪತ್ರಿಕೆ, ಟಿವಿ ತಮ್ಮ ಕೈಯಲ್ಲಿಲ್ಲ. ಗೋಡೆ ಇತ್ತು.

ಬಾಕಾ 1977ರಲ್ಲಿ ಮೆಕ್ಸಿಕೊದ ಕುಎರ್ನಾವಾಕಾಗೆ ಹೋಗಿ ಸಿಕೆರೋಸ್ ಅವರ ಕಾರ್ಯಾಗಾರದಲ್ಲಿ ತಾಂತ್ರಿಕ ವಿಷಯ ಕಲಿತರು. ಅಷ್ಟರಲ್ಲಿ ಸಿಕೆರೋಸ್ ತೀರಿಕೊಂಡು ಮೂರು ವರ್ಷವಾಗಿತ್ತು. ಕಲಿಸಿದ್ದು ಅವರ ಜೊತೆ ಕೆಲಸ ಮಾಡಿದ್ದವರು.

ಸ್ಪಾರ್ಕ್ ಅಂದರೆ ಏನು?

ಸೋಷಿಯಲ್ ಅಂಡ್ ಪಬ್ಲಿಕ್ ಆರ್ಟ್ ರಿಸೋರ್ಸ್ ಸೆಂಟರ್. 1976ರಲ್ಲಿ ಬಾಕಾ, ಸಿನಿಮಾ ನಿರ್ದೇಶಕಿ ಡೊನಾ ಡೀಚ್ ಮತ್ತು ಕಲಾವಿದೆ ಕ್ರಿಸ್ಟೀನಾ ಶ್ಲೆಸಿಂಗರ್ ಸೇರಿ ಕಟ್ಟಿದ ಸಂಸ್ಥೆ. ಅದಕ್ಕೂ ಮುಂಚೆ, 1974ರಿಂದ, ನಗರದ ಮೊದಲ ಗೋಡೆಚಿತ್ರ ಯೋಜನೆಯನ್ನು ಬಾಕಾ ನಡೆಸಿದ್ದರು. ಅದರಲ್ಲಿ 400ಕ್ಕೂ ಹೆಚ್ಚು ಗೋಡೆಚಿತ್ರಗಳು ಬಂದವು. ಆದರೆ ಪೊಲೀಸ್ ದೌರ್ಜನ್ಯದಂಥ ವಿಷಯ ಗೋಡೆಗೆ ಬಂದಾಗ ನಗರಾಡಳಿತಕ್ಕೆ ಇರುಸುಮುರುಸು. ದುಡ್ಡು ಕೊಡುವವರು ಚಿತ್ರ ತಿದ್ದಲು ಕೈ ಹಾಕುತ್ತಾರೆ ಅಂತ ಗೊತ್ತಾದ ಮೇಲೆ ಸ್ವಂತ ಸಂಸ್ಥೆ ಬೇಕಾಯಿತು. ಕಚೇರಿ ಇರುವುದು ವೆನಿಸ್ ಪ್ರದೇಶದ ಹಳೆಯ ಪೊಲೀಸ್ ಠಾಣೆಯಲ್ಲಿ, ಲಾಕಪ್ ಸಮೇತ. ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಿತ್ತಾ!

ಗ್ರೇಟ್ ವಾಲ್ ಇರುವುದು ನಿಜವಾಗಿ ಗೋಡೆ ಮೇಲಾ, ಕಾಲುವೆ ಒಳಗಾ?

ಕಾಲುವೆ ಒಳಗೆ. ಲಾಸ್ ಏಂಜಲೀಸ್‌ನಲ್ಲಿ 1938ರಲ್ಲಿ ಭಾರೀ ಪ್ರವಾಹ ಬಂದು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅಮೆರಿಕದ ಸೇನಾ ಎಂಜಿನಿಯರುಗಳು ಊರಿನ ನದಿ, ಹಳ್ಳಗಳನ್ನೆಲ್ಲ ಕಾಂಕ್ರೀಟಿನಲ್ಲಿ ಕಟ್ಟಿಹಾಕಿದರು. ತುಹುಂಗಾ ವಾಶ್ ಎಂಬ ಹಳ್ಳವೂ ಹಾಗೇ ಆಯಿತು. ಬೆಂಗಳೂರಿನವರು ರಾಜಕಾಲುವೆಯನ್ನು ಇನ್ನೂ ಅಗಲ, ಇನ್ನೂ ಆಳ ಮಾಡಿ ನೆನೆಸಿಕೊಂಡರೆ ಸಾಕು. ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಬಹುಪಾಲು ಒಣಗಿರುತ್ತದೆ.

1974ರಲ್ಲಿ ಸೇನಾ ಎಂಜಿನಿಯರುಗಳೇ ಬಾಕಾ ಅವರನ್ನು ಕರೆದರು. ಕಾಲುವೆ ಪಕ್ಕದ ಜಾಗವನ್ನು ಚೆಂದ ಮಾಡುವ ಯೋಜನೆ ಅವರದ್ದು. ಬಾಕಾ ಕಣ್ಣಿಗೆ ಬಿದ್ದದ್ದು ಆ ಉದ್ದನೆಯ ಬೋಳು ಗೋಡೆ. ನದಿಯನ್ನು ಕಾಂಕ್ರೀಟ್ ಮಾಡಿದ್ದು ಭೂಮಿಗೆ ಬಿದ್ದ ಗಾಯ, ಈ ಚಿತ್ರ ಆ ಗಾಯದ ಕಲೆಯ ಮೇಲೆ ಹಾಕಿದ ಹಚ್ಚೆ ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ.

ಅಷ್ಟುದ್ದದ ಗೋಡೆಯನ್ನು ಒಬ್ಬರೇ ಬಿಡಿಸಿದರಾ?

ಜನ ಕೇಳುವ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಒಬ್ಬರೇ ಅಲ್ಲ, ಒಬ್ಬರೇ ಬಿಡಿಸಿದ್ದರೆ ಇದು ಇಷ್ಟು ದೊಡ್ಡ ಮಾತಾಗುತ್ತಲೂ ಇರಲಿಲ್ಲ. ಐದು ಬೇಸಿಗೆಗಳಲ್ಲಿ ಕೆಲಸ ನಡೆಯಿತು: 1976, 1978, 1980, 1981, 1983. ಸುಮಾರು 400 ಹುಡುಗ ಹುಡುಗಿಯರು ಕೆಲಸ ಮಾಡಿದರು. ಜೊತೆಗೆ ಕಲಾವಿದರು, ಇತಿಹಾಸ ಬಲ್ಲವರು.

ಮೊದಲ ಬೇಸಿಗೆಗೆ ಬಂದ 80 ಮಕ್ಕಳಲ್ಲಿ ತುಂಬ ಜನರನ್ನು ಕಳಿಸಿದ್ದು ಬಾಲಾಪರಾಧಿಗಳನ್ನು ನೋಡಿಕೊಳ್ಳುವ ಇಲಾಖೆ. ಅವರಿಗೆ ಕೂಲಿ ಕೊಟ್ಟು ಕೆಲಸ ಕೊಡಲಾಯಿತು, ಇದು ಶ್ರಮದಾನ ಅಲ್ಲ. ಬಿಳಿಯರು, ಕರಿಯರು, ಚಿಕಾನೊಗಳು, ಏಷ್ಯಾ ಮೂಲದವರು ಎಲ್ಲ ಒಂದೇ ಕಾಲುವೆಯಲ್ಲಿ. ತಮ್ಮ ಬೀದಿ ದಾಟಿ ಆಚೆಯವರ ಜೊತೆ ಯಾವತ್ತೂ ಮಾತಾಡದ ಮಕ್ಕಳು ಅವರಲ್ಲಿ ಎಷ್ಟೋ ಜನ.

ಕೆಲಸ ಹೀಗೆ. ಮೊದಲು ಓದು. ಯಾವ ಕಥೆ ಗೋಡೆಗೆ ಬರಬೇಕು ಅಂತ ಇತಿಹಾಸಕಾರರ ಜೊತೆ ಕೂತು ಚರ್ಚೆ, ಆ ಕಾಲ ಕಂಡ ಮುದುಕರನ್ನು ಕರೆಸಿ ಮಾತು. ಆಮೇಲೆ ಚಿಕ್ಕ ಕಾಗದದ ಮೇಲೆ ನಕ್ಷೆ. ಇತ್ತ ಕಾಲುವೆಯಲ್ಲಿ ಗೋಡೆಗೆ ಜೋರಾಗಿ ಮರಳು ಊದಿ ಕೊಳೆ ಕಿತ್ತು, ನೀರು ಹೀರದಂತೆ ಲೇಪ ಕೊಟ್ಟು, ಚೌಕುಳಿ ಎಳೆಯುತ್ತಾರೆ. ಕಾಗದದ ಚೌಕದಲ್ಲಿರುವ ಗೆರೆ ಗೋಡೆಯ ದೊಡ್ಡ ಚೌಕಕ್ಕೆ ನೀಲಿಯಲ್ಲಿ ಬರುತ್ತದೆ. ಆಮೇಲೆ ಬಣ್ಣ. ಕಣಿವೆಯ ಬೇಸಿಗೆ ಬಿಸಿಲು, ಮೇಲಿಂದಲೂ ಕಾವು, ಕೆಳಗೆ ಕಾಂಕ್ರೀಟಿನಿಂದಲೂ ಕಾವು. ಸಾರುವೆ ಮೇಲೆ ನಿಂತವರಿಗೆ ತಾವು ಬಿಡಿಸುತ್ತಿರುವುದು ಒಂದು ಕಿವಿಯೋ, ಒಂದು ಚಕ್ರವೋ, ಅಷ್ಟೇ ಕಾಣುತ್ತದೆ. ಪೂರ್ತಿ ಚಿತ್ರ ನೋಡಬೇಕಾದರೆ ಕೆಳಗಿಳಿದು ಎದುರು ದಡದ ಕಡೆ ನಡೆಯಬೇಕು.

ಮೊದಲ ಸಾವಿರ ಅಡಿ ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಅಲ್ಲಿ ಒಂದೊಂದು ಭಾಗ ಒಂದೊಂದು ಥರ. ಜೂಡಿತೆ ಹೆರ್ನಾಂಡೆಸ್, ಯೂಲಿಸೀಸ್ ಜೆಂಕಿನ್ಸ್ ಮುಂತಾದ ಬೇರೆ ಬೇರೆ ಕಲಾವಿದರು ತಮ್ಮ ತಮ್ಮ ಭಾಗ ರಚಿಸಿದ್ದರು. 1978ರಿಂದ ಮುಂದೆ ಇಡೀ ವಿನ್ಯಾಸ ಬಾಕಾ ಕೈಗೆ ಬಂತು. ದೃಶ್ಯಗಳು ಒಂದರೊಳಗೊಂದು ಹರಿಯಲು ಶುರುವಾದವು. ನನಗೆ ಈ ಎರಡನೆಯ ಭಾಗವೇ ಜಾಸ್ತಿ ಇಷ್ಟ.

ಗೋಡೆ ಮೇಲೆ ಏನೇನಿದೆ? ಬರೀ ಮೆಕ್ಸಿಕನ್ನರ ಕಥೆಯಾ?

ಅಲ್ಲ. ಕ್ಯಾಲಿಫೋರ್ನಿಯಾದ ಕಥೆ, ಆದರೆ ಶಾಲೆಯ ಪುಸ್ತಕದಲ್ಲಿ ಬಾರದವರ ಕಡೆಯಿಂದ. ಮನುಷ್ಯರಿಗಿಂತ ಮುಂಚಿನ ಪ್ರಾಣಿಗಳಿಂದ ಶುರುವಾಗಿ 1950ರ ದಶಕ ದಾಟುತ್ತದೆ. ಮೂಲನಿವಾಸಿ ಚುಮಾಶ್ ಜನರಿದ್ದಾರೆ. 1871ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಚೀನೀಯರ ಹತ್ಯಾಕಾಂಡವಿದೆ. ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡು ಪಶ್ಚಿಮಕ್ಕೆ ಬಂದ ಬಿಳಿಯ ಬಡವರೂ ಇದ್ದಾರೆ.

1930ರ ದಶಕದ ಭಾಗದಲ್ಲಿ ರೈಲು ಹತ್ತುತ್ತಿರುವ ಕುಟುಂಬಗಳಿವೆ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಸಾಲದು ಅಂತ ಮೆಕ್ಸಿಕನ್ ಮೂಲದವರನ್ನು ಗಡಿಯಾಚೆ ಸಾಗಿಸಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳೂ ಬಹಳ. ಫಲಕದ ಹೆಸರಿನಲ್ಲೇ ಸಂಖ್ಯೆ ಇದೆ: 3,50,000. ಅದರ ಮುಂದೆ 1940ರ ದಶಕ, ಜಪಾನಿ ಮೂಲದ ಅಮೆರಿಕನ್ನರನ್ನು ಯುದ್ಧದ ಹೊತ್ತಿನಲ್ಲಿ ಕೂಡಿಹಾಕಿದ ಶಿಬಿರ. ಸ್ವಂತ ಮನೆಯಲ್ಲಿ ವಾಸಿಸಲು ಕೋರ್ಟಿನಲ್ಲಿ ಹೋರಾಡಿದ ಕರಿಯ ಹೆಂಗಸು ಮಿಸೆಸ್ ಲಾಸ್ ಇದ್ದಾರೆ. ಆ ಜಾಗದಲ್ಲಿ ಬಿಳಿಯರು ಮಾತ್ರ ಇರಬೇಕು ಅಂತ ಜಮೀನಿನ ಪತ್ರದಲ್ಲೇ ಷರತ್ತು ಬರೆದಿಡುತ್ತಿದ್ದ ಕಾಲ ಅದು.

ಒಂದೇ ಒಂದು ಫಲಕ ನಿಂತು ನೋಡಿ ಅಂದರೆ ನಾನು ಹೇಳುವುದು ಚಾವೆಸ್ ರವೀನ್ ಫಲಕ. ಚಾವೆಸ್ ರವೀನ್ ಮೆಕ್ಸಿಕನ್ ಕುಟುಂಬಗಳಿದ್ದ ಗುಡ್ಡದ ಊರು. ಸರ್ಕಾರಿ ಮನೆ ಕಟ್ಟಿಕೊಡುತ್ತೇವೆ ಅಂತ ಜಾಗ ಖಾಲಿ ಮಾಡಿಸಿದರು. ಮನೆ ಬರಲಿಲ್ಲ. ಉಳಿದ ಕೊನೆಯ ಕುಟುಂಬಗಳನ್ನು 1959ರ ಮೇ ತಿಂಗಳಲ್ಲಿ ಪೊಲೀಸರು ಎತ್ತಿ ಹೊರಗೆ ಹಾಕಿದರು. 1962ರಲ್ಲಿ ಅಲ್ಲಿ ಡಾಡ್ಜರ್ ಬೇಸ್‌ಬಾಲ್ ಸ್ಟೇಡಿಯಂ ತೆರೆಯಿತು. ಬಾಕಾ ಚಿತ್ರದಲ್ಲಿ ಸ್ಟೇಡಿಯಂ ಆಕಾಶದಿಂದ ಹಾರುವ ತಟ್ಟೆಯ ಹಾಗೆ ಇಳಿಯುತ್ತಿದೆ. ಹೆದ್ದಾರಿಯ ಕಾಂಕ್ರೀಟ್ ಹಾವಿನಂತೆ ಸುತ್ತಿಕೊಂಡು ಒಂದು ಕುಟುಂಬವನ್ನೇ ಬೇರೆ ಬೇರೆ ಮಾಡಿದೆ. ಅಂಕಿ ಅಂಶ ಒಂದೂ ಇಲ್ಲ, ಆದರೂ ಏನಾಯಿತು ಅಂತ ಮಗುವಿಗೂ ಅರ್ಥವಾಗುತ್ತದೆ.

ಅವರ ಕೆಲಸಕ್ಕೆ ವಿರೋಧ ಬಂದಿದೆಯೇ?

ಬಂದಿದೆ. ಬಾಲ್ಡ್‌ವಿನ್ ಪಾರ್ಕ್ ರೈಲು ನಿಲ್ದಾಣದಲ್ಲಿ 1993ರಲ್ಲಿ ಮಾಡಿದ 'ದಾನ್ಸಾಸ್ ಇಂದಿಹೆನಾಸ್' ಎಂಬ ಕಮಾನಿನ ಮೇಲೆ ಊರಿನವರ ಬಾಯಿಂದ ಕೇಳಿದ ಮಾತುಗಳನ್ನು ಕೆತ್ತಿಸಿದ್ದರು. ಒಂದು ಮಾತು, 'ಅವರು ಬರುವುದಕ್ಕೆ ಮುಂಚೆಯೇ ಚೆನ್ನಾಗಿತ್ತು'. 2005ರಲ್ಲಿ ವಲಸೆ ವಿರೋಧಿ ಗುಂಪೊಂದು, ಇದು ಬಿಳಿಯರಿಗೆ ಮಾಡಿದ ಅವಮಾನ, ತೆಗೆಯಿರಿ ಅಂತ ಬಂತು. ಬಾಕಾ ಹೇಳಿದ್ದು ಕೇಳಿ: ಆ ಮಾತು ಆಡಿದ್ದು ಒಬ್ಬ ಬಿಳಿಯ, ಅವನು ಬೈದದ್ದು ಮೆಕ್ಸಿಕನ್ನರನ್ನು! 'ಅವರು' ಯಾರು ಅಂತ ಓದುವವರೇ ತುಂಬಿಕೊಳ್ಳಲಿ ಅಂತಲೇ ಬಿಟ್ಟಿದ್ದು. ಊರಿನವರು ನೂರಾರು ಜನ ಕಲಾಕೃತಿಯ ಪರ ನಿಂತರು. ಅದು ಅಲ್ಲೇ ಉಳಿಯಿತು.

ಅವರ ಎಲ್ಲ ಗೋಡೆಗಳೂ ಉಳಿದಿವೆಯೇ?

ಹೊರಗಿನ ಗೋಡೆ ಅಂದ ಮೇಲೆ ಬಿಸಿಲು, ಹೊಗೆ, ಗೀಚುವವರು, ಬಳಿಯುವವರು ಎಲ್ಲ ಇದ್ದದ್ದೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೆದ್ದಾರಿ ಪಕ್ಕ ಬಾಕಾ 'ಹಿಟಿಂಗ್ ದಿ ವಾಲ್' ಬಿಡಿಸಿದ್ದರು, ಮ್ಯಾರಥಾನ್ ಗೆಲ್ಲುತ್ತಿರುವ ಹೆಂಗಸಿನ ಚಿತ್ರ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷ ಅದು. 2019ರಲ್ಲಿ ಗೀಚಿದ್ದನ್ನು ಅಳಿಸುವ ನೆಪದಲ್ಲಿ ಗುತ್ತಿಗೆದಾರರ ಕಡೆಯವರು ಅದರ ಮೇಲೆ ಬಣ್ಣ ಬಳಿದುಬಿಟ್ಟರು. ಸಿಕೆರೋಸ್ ಚಿತ್ರಕ್ಕೆ ಆದದ್ದೇ ಇಲ್ಲೂ.

ಇನ್ನೊಂದು ವಿಚಿತ್ರ ನೋಡಿ. ಗೋಡೆಚಿತ್ರಗಳ ರಾಜಧಾನಿ ಅಂತ ಹೆಸರಾದ ಈ ಊರಿನಲ್ಲೇ 2002ರಿಂದ 2013ರವರೆಗೆ ಖಾಸಗಿ ಕಟ್ಟಡದ ಮೇಲೆ ಹೊಸ ಗೋಡೆಚಿತ್ರಕ್ಕೆ ನಿಷೇಧವಿತ್ತು. ಜಾಹೀರಾತು ಫಲಕ ತಡೆಯಲು ಹೋಗಿ ಕಲೆಯನ್ನೂ ತಡೆದರು. ಗ್ರೇಟ್ ವಾಲ್‌ಗೆ ಮಾತ್ರ ಅದೃಷ್ಟ. 2011ರಲ್ಲಿ ಅದನ್ನು ದುರಸ್ತಿ ಮಾಡಿದರು, 2017ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಗೋಡೆ ಬಿಟ್ಟು ಬೇರೆ ಕೆಲಸ?

1976ರ 'ಲಾಸ್ ತ್ರೆಸ್ ಮರಿಯಾಸ್' ಮೂರು ಬಾಗಿಲಿನ ಹಾಗಿದೆ. ಒಂದು ಕಡೆ 1940ರ ದಶಕದ ದಿಟ್ಟ ವೇಷದ ಹೆಂಗಸು, ಇನ್ನೊಂದು ಕಡೆ 1970ರ ದಶಕದ ಬೀದಿ ಹುಡುಗಿ, ನಡುವೆ ಕನ್ನಡಿ. ಅಲ್ಲಿ ಕಾಣುವುದು ನೀವೇ. ಈಗ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. 'ವರ್ಲ್ಡ್ ವಾಲ್' ಎಂಬುದು ಕಳಚಿ ಒಯ್ಯಬಹುದಾದ ಚಿತ್ರ, 1990ರಲ್ಲಿ ಫಿನ್ಲೆಂಡ್, ಸೋವಿಯತ್ ಒಕ್ಕೂಟಕ್ಕೆ ಹೋಗಿ ಬಂತು. ಹೋದ ಕಡೆ ಅಲ್ಲಿನ ಕಲಾವಿದರು ತಮ್ಮದೂ ಒಂದು ಫಲಕ ಸೇರಿಸುತ್ತಾರೆ. ಡೆನ್ವರ್ ವಿಮಾನ ನಿಲ್ದಾಣದಲ್ಲಿ ಅವರ ಅಜ್ಜ ಅಜ್ಜಿಯ ವಲಸೆಯ ಕಥೆ ಇದೆ. 

ಸರ್ಕಾರದ ಗೌರವ ಸಿಕ್ಕಿದೆಯೇ?

2021ನೇ ಸಾಲಿನ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್. ಅಧ್ಯಕ್ಷ ಬೈಡನ್ ಅದನ್ನು ಕೊಟ್ಟದ್ದು 2023ರ ಮಾರ್ಚ್‌ನಲ್ಲಿ. ದೊಡ್ಡ ಮ್ಯೂಸಿಯಂಗಳು ಎಚ್ಚೆತ್ತಿದ್ದೂ ತಡವಾಗಿಯೇ. ಅವರ ಜೀವಮಾನದ ಕೆಲಸ ಒಟ್ಟಿಗೆ ತೋರಿಸುವ ಮೊದಲ ಪ್ರದರ್ಶನ ಲಾಂಗ್ ಬೀಚ್‌ನಲ್ಲಿ ನಡೆದದ್ದು 2021ರಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಗ್ರೇಟ್ ವಾಲ್ ನೋಡಲು ಹೋಗಬಹುದಾ?

ಸುಮ್ನೆ ಹೋಗಿ ನೋಡಬಹುದು, ಟಿಕೆಟ್ ಇಲ್ಲ. ಸ್ಯಾನ್ ಫೆರ್ನಾಂಡೊ ಕಣಿವೆಯಲ್ಲಿ ಕೋಲ್ಡ್‌ವಾಟರ್ ಕ್ಯಾನಿಯನ್ ಅವೆನ್ಯೂ ಉದ್ದಕ್ಕೂ, ಬರ್ಬ್ಯಾಂಕ್ ಬುಲೆವಾರ್ಡ್ ಮತ್ತು ಆಕ್ಸ್‌ನಾರ್ಡ್ ಸ್ಟ್ರೀಟ್ ನಡುವೆ. ಗುರುತಿಗೆ ಲಾಸ್ ಏಂಜಲೀಸ್ ವ್ಯಾಲಿ ಕಾಲೇಜು ಪಕ್ಕದಲ್ಲೇ ಇದೆ. ಕಾಲುವೆಗೆ ಇಳಿಯುವ ಹಾಗಿಲ್ಲ, ದಡದ ಬೇಲಿ ಪಕ್ಕ ನಡೆಯುತ್ತಾ ಎದುರು ಗೋಡೆ ನೋಡಬೇಕು. ಮಗನ ಮನೆಗೋ ಮಗಳ ಮನೆಗೋ ಅಂತ ದಕ್ಷಿಣ ಕ್ಯಾಲಿಫೋರ್ನಿಯಾಗೆ ಹೋಗುವ ಅಪ್ಪ ಅಮ್ಮಂದಿರನ್ನು ಹಾಲಿವುಡ್, ಡಿಸ್ನಿಲ್ಯಾಂಡ್ ಸುತ್ತಿಸುತ್ತಾರೆ. ಒಂದು ಬೆಳಗ್ಗೆ ಇಲ್ಲಿಗೂ ಕರೆದುಕೊಂಡು ಹೋಗಿ. ಬಿಸಿಲೇರುವ ಮುಂಚೆ ಹೋಗುವುದು ಒಳ್ಳೆಯದು, ನೆರಳು ಕಡಿಮೆ.

ಗೋಡೆ ಮುಗಿದಿದೆಯೇ?

ಇಲ್ಲ. 1983ರಲ್ಲಿ ನಿಂತದ್ದು ದುಡ್ಡಿಲ್ಲದೆ. 2021ರಲ್ಲಿ ಮೆಲನ್ ಫೌಂಡೇಶನ್ 50 ಲಕ್ಷ ಡಾಲರ್ ಕೊಟ್ಟ ಮೇಲೆ ಕೆಲಸ ಮತ್ತೆ ಶುರುವಾಯಿತು, 1960ರ ದಶಕದಿಂದ ಮುಂದಕ್ಕೆ. 2023ರ ಅಕ್ಟೋಬರ್‌ನಿಂದ ಕೆಲವು ತಿಂಗಳು ಬಾಕಾ ಮತ್ತು ಅವರ ತಂಡ ಲಾಸ್ ಏಂಜಲೀಸ್ ಕೌಂಟಿ ಮ್ಯೂಸಿಯಂ ಆಫ್ ಆರ್ಟ್ ಒಳಗೇ, ಬಂದವರ ಕಣ್ಣೆದುರೇ ಹೊಸ ಭಾಗಗಳನ್ನು ಬಿಡಿಸಿದರು. ಜನಾಂಗಭೇದದ ವಿರುದ್ಧ ಹೊರಟ ಫ್ರೀಡಂ ರೈಡರ್ಸ್ ಕೂತಿದ್ದ ಬಸ್ಸು ಹೊತ್ತಿ ಉರಿಯುವ ದೃಶ್ಯ ಅದರಲ್ಲಿದೆ, ಚಿಕಾನೊ ಚಳವಳಿಯೂ ಇದೆ. ಯುದ್ಧದ ವಿರುದ್ಧ ಬೀದಿಗಿಳಿದು ಅವರು ಮೇಷ್ಟ್ರ ಕೆಲಸ ಕಳೆದುಕೊಂಡಿದ್ದರಲ್ಲ, ಗೋಡೆ ಈಗ ಆ ವರ್ಷಗಳಿಗೆ ಬಂದು ತಲುಪಿದೆ.